ಓಂಕಾಳಿನ ಔಷಧ

ಬೀದಿನಾಯಿ ಕಚ್ಚಿದ್ದರಿಂದ ಕಳೆದ ವಾರ ತಂಗಿಯನ್ನು ಇಂಜೆಕ್ಷನ್‌ಗೆಂದು ಹಾವೇರಿಗೆ ಕರೆದುಕೊಂಡು ಹೋಗಿದ್ದೆ. ನರ್ಸು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅವಳ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ಯಾಡಗಿಯ ನಮ್ಮ ಓಣಿಯ ಸೂಲಗಿತ್ತಿ ನೆನಪಾದಳು. ಅವಳು ಸತ್ತು ಎಷ್ಟೋ ವರ್ಷವಾಯಿತು. ನನ್ನ ಸಿಟ್ಟು ಇನ್ನೂ ಸತ್ತಿಲ್ಲ.

ಎಂಬತ್ತರ ದಶಕದ ಮಾತು. ನನಗಾಗ ಏಳೆಂಟು ವರ್ಷ. ಬಸುರಿದ್ದಾಗಲೂ ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಕೂತು ನಡು ಹಿಡಿದುಬಿಡುತ್ತಿತ್ತು. ಸೂಲಗಿತ್ತಿ ಸಾರಾಯಿಯಲ್ಲಿ ಓಂಕಾಳು ನೆನೆಹಾಕಿ, ಸಂಜೆಯಾದರೆ ಹಿತ್ತಾಳೆ ಲೋಟದಲ್ಲಿ ತಂದು ಹಿಡಿಯುತ್ತಿದ್ದಳು. ಅವ್ವ ಮುಖ ಕಿವುಚುತ್ತಿದ್ದಳು.

"ಸಾರಾಯಿ ಅಲ್ಲ ಬೇ ಇದು, ಔಷಧ. ನಡುನೋವೂ ಹೋಗ್ತೈತಿ, ಕೂಸೂ ಗಟ್ಟಿ ಹುಟ್ಟತೈತಿ. ಕುಡಿ."

ಅವ್ವ ಕುಡಿದಳು. ಒಂದು ದಿನವಲ್ಲ, ಹೆರಿಗೆಯವರೆಗೂ... ಓಣಿಯ ಅರ್ಧ ಮಕ್ಕಳನ್ನು ಎತ್ತಿದ ಕೈ ಅದು, ಎದುರಾಡುವವರು ಯಾರು?

ತಂಗಿ ಗುಬ್ಬಿಮರಿಯಷ್ಟೇ ಹುಟ್ಟಿದಳು. ಬೆಳೆದಳು, ಆದರೆ ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಉಪ್ಪು ತರಲು ಕಳಿಸಿದರೆ ಅಂಗಡಿಯ ಮುಂದೆ ಸುಮ್ಮನೆ ನಿಂತು ಬರಿಗೈಯಲ್ಲಿ ಬರುವಳು. ಸಂಜೆ ಒಪ್ಪಿಸಿದ ಎರಡರ ಮಗ್ಗಿ ಬೆಳಿಗ್ಗೆ ಮಾಯ. ಕಲಿಸುತ್ತಿದ್ದವಳು ನಾನೇ. ಬೇಕಂತಲೇ ಹೀಗೆ ಮಾಡುತ್ತಾಳೆಂದು ಫೂಟ್‌ಪಟ್ಟಿಯಿಂದ ಬಾರಿಸುತ್ತಿದ್ದೆ. ಎರಡನೇ ಇಯತ್ತೆಯಲ್ಲಿ ಎರಡು ಸಲ ಕೂತಳು, ಆಮೇಲೆ ಶಾಲೆ ಬಿಡಿಸಿದರು. ಸೂಲಗಿತ್ತಿ ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುತ್ತ ಅವಳನ್ನು 'ಮಬ್ಬಿ' ಎಂದು ಕರೆದಳು. ಓಣಿಯೆಲ್ಲ ಅದೇ ಹೆಸರು ಹಿಡಿಯಿತು.

ತೊಂಬತ್ತರ ದಶಕದಲ್ಲಿ ನಾನೂ ಅವ್ವನೂ ತಂಗಿಯನ್ನು ತೋರಿಸಲು ಹೋದಾಗ ರಾಣೆಬೆನ್ನೂರಿನ ಮಕ್ಕಳ ಡಾಕ್ಟರೊಬ್ಬರು ಅವ್ವನನ್ನು ಕೇಳಿದರು, "ಈಕಿ ಹೊಟ್ಯಾಗಿದ್ದಾಗ ಏನರ ಕುಡೀತಿದ್ರೇನ್ರಿ?"

ಅವ್ವ ಔಷಧದ ಮಾತು ಹೇಳಿದಳು. ಬಸುರಿದ್ದಾಗ ಕುಡಿದ ಸಾರಾಯಿ ಕೂಸಿನ ಮಿದುಳನ್ನು ಮುಟ್ಟುತ್ತದೆ, ನೆನಪು, ತಿಳಿವಳಿಕೆ ಎರಡಕ್ಕೂ ಪೆಟ್ಟು ಬೀಳುತ್ತದೆ, ಹೊಡೆದರೆ ಸರಿಯಾಗುವುದಲ್ಲ ಎಂದರು ಅವರು. ನಾನು ಊರಿಗೆ ಬಂದವಳೇ ಸೂಲಗಿತ್ತಿಯ ಬಾಗಿಲಿಗೆ ಹೋಗಿ ಜಗಳ ತೆಗೆದೆ.

"ಎಷ್ಟ್ ಮಂದಿಗೆ ಕೊಟ್ಟೇನಿ, ಯಾರಿಗೂ ಏನೂ ಆಗಿಲ್ಲ. ನಿಮ್ಮವ್ವನ ಹಣೇಬರಾ, ಹೋಗ," ಎಂದು ಎಲೆ ಉಗುಳಿ ಒಳಗೆ ಹೋದಳು.

ಅವಳು ಸತ್ತಾಗ ಓಣಿಗೆ ಓಣಿಯೇ ಅತ್ತಿತು. ನಾನು ಹೆಣ ನೋಡಲೂ ಹೋಗಲಿಲ್ಲ.

ಅವ್ವನೂ ಈಗಿಲ್ಲ. ಆ ಲೋಟ ಬರದಿದ್ದರೆ ತಂಗಿ ಏನಾಗುತ್ತಿದ್ದಳೋ, ಅದನ್ನು ಇನ್ನು ತಿಳಿಯುವಂತಿಲ್ಲ... ಕಳೆದ ವಾರ ಹಾವೇರಿಯ ಆಸ್ಪತ್ರೆಯಿಂದ ಹೊರಗೆ ಬರುತ್ತ ಅವಳನ್ನು ಕೇಳಿದೆ, "ನಿನಗ ಮಬ್ಬಿ ಅಂತಿದ್ಲಲ್ಲ, ಆ ಮುದುಕಿ ನೆನಪದಾಳೇನು?"

ಅವಳು ತೋಳು ತಿಕ್ಕಿಕೊಂಡಳು.

"ಇಲ್ಲಕ್ಕಾ. ನೀ ಪಟ್ಟೀಲೆ ಹೊಡೀತಿದ್ದಿ, ಅದು ನೆನಪೈತಿ."