ಫಳಫಳಣ್ಣನ ಉಸಿರು ಕೆಂಪಾದದ್ದು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗದೆ ಅದು ಹೊಸದಾಗಿಯೇ ಉಳಿದಿತ್ತು. ಸಂಶೋಧನಾಲಯದ ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವನು ಫಳಫಳಣ್ಣ. ಇಪ್ಪತ್ತಾರು ವರ್ಷದಿಂದ ಅಲ್ಲಿನ ಗಾಜಿನ ಸಾಮಾನು ತೊಳೆಯುವುದು ಅವನ ಕೆಲಸ. ಅವನು ತೊಳೆದಿಟ್ಟ ಬೀಕರಿನಲ್ಲಿ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಾಗಿತ್ತು. ಹೊಸದಾಗಿ ಸೇರಿದವರು ಹಾಗೆ ಮುಟ್ಟಿ ನೋಡಿದರೆ ಅವನಿಗೆ ಒಳಗೊಳಗೇ ಹಬ್ಬ. ಮುಟ್ಟಿದ ಬೆರಳಿನ ಗುರುತು ಒರೆಸಲು ಬಟ್ಟೆ ಹಿಡಿದು ಹಿಂದೆಯೇ ನಿಂತಿರುತ್ತಿದ್ದ.

ಈ ಚಾಳಿ ಕೆಲಸದ ಜಾಗಕ್ಕೆ ಮಾತ್ರ ಸೀಮಿತವಾಗಿದ್ದರೆ ಅವನ ಹೆಂಡತಿ ಸುಖವಾಗಿರುತ್ತಿದ್ದಳು. ಹೋಟೆಲಿಗೆ ಹೋದರೆ ಅವನು ಲೋಟವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮಾಣಿಯ ಮುಖ ಸಪ್ಪಗಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕದವರ ಕನ್ನಡಕ ಮಸುಕಾಗಿದ್ದರೆ, "ಒಂದ್ನಿಮಿಷ ಕೊಡ್ತೀರಾ?" ಎಂದು ಕೇಳಿಯೇ ಬಿಡುತ್ತಿದ್ದ. ಮನೆಯಲ್ಲಿ ಅವನಿಗೆ ಪಾತ್ರೆ ತೊಳೆಯಲು ಅನುಮತಿ ಇರಲಿಲ್ಲ. ಒಂದು ಲೋಟಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುವ ಗಂಡನನ್ನು ಯಾವ ಹೆಂಡತಿ ತಾನೇ ಅಡುಗೆಮನೆಗೆ ಬಿಟ್ಟುಕೊಳ್ಳುತ್ತಾಳೆ?

ಮೂರು ವರ್ಷದ ಹಿಂದೆ ಎರಡನೇ ಮಹಡಿಗೆ ಒಬ್ಬ ವಿಜ್ಞಾನಿ ಮೇಡಂ ಬಂದರು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಬಂದ ಹೊಸದರಲ್ಲೇ ಫಳಫಳಣ್ಣ ಅವರ ಮೇಜಿನ ಮೇಲೆ ಉಗುರಿನಷ್ಟು ಅಗಲದ ಬಿಲ್ಲೆಯೊಂದನ್ನು ಕಂಡ. ಬಿಲ್ಲೆಯ ಮೇಲೆ ಮಸಿ ಮೆತ್ತಿದಂಥ ಕಪ್ಪು ಕಲೆ. ಅವನ ಕೈ ತಡೆಯಲಿಲ್ಲ, ಬಟ್ಟೆ ತೆಗೆದ.

"ಅಣ್ಣಾ!" ಎಂದು ಮೇಡಂ ಕೂಗಿದ ಕೂಗಿಗೆ ಕೆಳಮಹಡಿಯವರೂ ಓಡಿ ಬಂದರು.

ಆಮೇಲೆ ಅವರು ಅವನನ್ನು ಕೂರಿಸಿಕೊಂಡು, ಆ ಕಲೆಯನ್ನು ಸೂಕ್ಷ್ಮದರ್ಶಕದ ಪರದೆಯ ಮೇಲೆ ತೋರಿಸಿದರು. ಎಳೆ ಎಳೆಯಾಗಿ ಲಕ್ಷಾಂತರ ತಂತಿಗಳು ಒತ್ತೊತ್ತಾಗಿ ನಿಂತಿದ್ದವು.

"ಸೀಸೆ ತೊಳೆಯೋ ಬ್ರಷ್ ಇದ್ದ ಹಾಗಿದೆ ಮೇಡಂ," ಎಂದ ಫಳಫಳಣ್ಣ.

"ಹಾಗೇ ಅಂದ್ಕೊಳ್ಳಿ. ಇವು ನ್ಯಾನೊ ತಂತಿ. ಇಂಥ ಸಾವಿರ ತಂತಿ ಪಕ್ಕಪಕ್ಕ ಜೋಡಿಸಿದ್ರೆ ನಿಮ್ಮ ಒಂದು ಕೂದಲಿನ ಅಗಲ ಆಗುತ್ತೆ."

ಫಳಫಳಣ್ಣ ತಲೆ ಸವರಿಕೊಂಡ. ಇಂಥ ಲೆಕ್ಕಕ್ಕೆಲ್ಲ ಬಿಟ್ಟುಕೊಡುವಷ್ಟು ಕೂದಲು ಅಲ್ಲಿ ಉಳಿದಿರಲಿಲ್ಲ.

ಮೇಡಂ ಬಿಡಿಸಿ ಹೇಳಿದರು. ಈ ತಂತಿಗಳೊಳಗೆ ಬೆಳಕು ಹರಿಯುತ್ತದೆ. ಮನುಷ್ಯನ ಮೂತ್ರಪಿಂಡ ಸೋಲತೊಡಗಿದರೆ ಅವನ ಉಸಿರಿನಲ್ಲಿ ಒಂದು ಬಗೆಯ ಅನಿಲ ಹೆಚ್ಚುತ್ತದೆ. ನಮ್ಮ ಮೂಗಿಗೆ ತಿಳಿಯದಷ್ಟು ಸ್ವಲ್ಪ. ಅದು ತಂತಿಗೆ ಅಂಟಿಕೊಂಡರೆ ಸಾಕು, ಒಳಗೆ ಹರಿಯುವ ಬೆಳಕು ಮಂಕಾಗುತ್ತದೆ. ಎಷ್ಟು ಮಂಕಾಯಿತೆಂದು ಯಂತ್ರ ಅಳೆದು ದೀಪ ಹತ್ತಿಸುತ್ತದೆ. ಹಸಿರಾದರೆ ಚಿಂತೆಯಿಲ್ಲ, ಕೆಂಪಾದರೆ ಆಸ್ಪತ್ರೆಗೆ ಹೋಗಬೇಕು.

"ಸೂಜಿ ಬೇಡ, ರಕ್ತ ಬೇಡ, ಊದಿದ್ರೆ ಸಾಕು," ಎಂದರು ಮೇಡಂ. "ನಮ್ಮಪ್ಪನ ಕಾಯಿಲೆ ಗೊತ್ತಾಗೋ ಹೊತ್ತಿಗೆ ತಡ ಆಗಿಹೋಗಿತ್ತು," ಎಂದು ಸೇರಿಸಿದರು.

ಅವತ್ತಿನಿಂದ ಫಳಫಳಣ್ಣ ಆ ಕಪ್ಪು ಬಿಲ್ಲೆಯ ತಂಟೆಗೆ ಹೋಗಲಿಲ್ಲ. ಮೇಡಂ ಮೇಲೆ ಅವನಿಗೆ ಮಗಳ ಮೇಲಿನಂಥ ಅಕ್ಕರೆ ಹುಟ್ಟಿತು.

ಯಂತ್ರ ಸಿದ್ಧವಾಯಿತು. ಸಮಿತಿಯವರು ಪರಿಶೀಲನೆಗೆ ಬರಲು ಒಂದು ವಾರ ಇರುವಾಗ, ಮೊದಲು ಆರೋಗ್ಯವಂತರ ಮೇಲೆ ಪ್ರಯೋಗ ಮಾಡೋಣ ಎಂದು ಮೇಡಂ ಸಿಬ್ಬಂದಿಯಲ್ಲೇ ಇಪ್ಪತ್ತು ಜನರನ್ನು ಒಪ್ಪಿಸಿದರು. ಊದಲು ಇಪ್ಪತ್ತು ಗಾಜಿನ ನಳಿಗೆ ತರಿಸಿ ಫಳಫಳಣ್ಣನ ಕೈಗಿಟ್ಟರು.

"ಬರೀ ಬಿಸಿನೀರಲ್ಲಿ ತೊಳೀಬೇಕು ಅಣ್ಣ. ಬರೀ ಬಿಸಿನೀರು."

"ಆಗಲಿ ಮೇಡಂ," ಎಂದವನ ಮುಖ ಹರಳೆಣ್ಣೆ ಕುಡಿದವನ ಹಾಗಾಗಿತ್ತು. ಬಿಸಿನೀರಿನಲ್ಲಿ ಯಾರು ಬೇಕಾದರೂ ತೊಳೆಯುತ್ತಾರೆ. ಅದಕ್ಕೆ ಇಪ್ಪತ್ತಾರು ವರ್ಷದ ಕೈ ಯಾಕೆ ಬೇಕು? ತೊಳೆದು ಬೆಳಕಿಗೆ ಹಿಡಿದರೆ ನಳಿಗೆಯ ಮೇಲೆ ನೀರಿನ ಬಿಳಿ ಗುರುತು ಕಣ್ಣಿಗೆ ಚುಚ್ಚಿತು. ನಾಳೆ ಹಿಸಾಬಿನವರು, ಟೈಪಿಸ್ಟು, ಡ್ರೈವರು ಎಲ್ಲರೂ ಇದನ್ನು ಬಾಯಿಗಿಡುವವರು. ಇದನ್ನೂ ಫಳಫಳಣ್ಣನೇ ತೊಳೆದದ್ದಾ ಎಂದು ಕೇಳಿದರೆ ಮುಖ ಎಲ್ಲಿಡುವುದು?

ಬಾಗಿಲು ಮುಂದೆ ಮಾಡಿ, ಮೂಲೆಯ ಕಪಾಟಿನಿಂದ ನೀಲಿ ಸೀಸೆ ತೆಗೆದ. ಅವನಿಗೆ ಕೆಲಸ ಕಲಿಸಿದ ಹಿರಿಯ ಬಿಟ್ಟುಹೋದ ಗುಟ್ಟು ಅದು. ಒಂದು ಬಕೆಟ್ ನೀರಿಗೆ ಅರ್ಧ ಮುಚ್ಚಳ ಸಾಕು, ಗಾಜು ಕನ್ನಡಿಯಾಗುತ್ತದೆ. ಹತ್ತೊಂಬತ್ತು ನಳಿಗೆ ಅದರಲ್ಲಿ ಮಿಂದೆದ್ದವು. ತಾನು ಊದುವ ಇಪ್ಪತ್ತನೆಯದನ್ನು, ನನ್ನದು ಚೂರು ಜಾಸ್ತಿ ಹೊಳೆಯಲಿ ಎಂದು, ಎರಡು ಸಲ ಮುಳುಗಿಸಿದ.

ಮರುದಿನ ಬೆಳಿಗ್ಗೆ ಮೊದಲು ಊದಿದವನೂ ಅವನೇ. ಕೆನ್ನೆ ಉಬ್ಬಿಸಿ ಊದಿದ. ದೀಪ ಹಸಿರನ್ನು ಕಣ್ಣೆತ್ತಿಯೂ ನೋಡದೆ ನೇರ ಕೆಂಪಾಯಿತು. ಇನ್ನೊಮ್ಮೆ ಊದಿಸಿದರು. ಮತ್ತೆ ಕೆಂಪು.

ಮೇಡಂ ಮುಖದ ಬಣ್ಣ ಹೋಯಿತು. "ಹೆದರ್ಬೇಡಿ ಅಣ್ಣ. ಇವತ್ತೇ ಆಸ್ಪತ್ರೇಲಿ ರಕ್ತ ಕೊಟ್ಟು ಬನ್ನಿ. ಎರಡು ದಿನದಲ್ಲಿ ಗೊತ್ತಾಗುತ್ತೆ. ಅಲ್ಲೀವರೆಗೆ ಮನೇಲಿ ಆರಾಮಾಗಿರಿ."

ಹೆದರಬೇಡಿ ಎಂದ ಮೇಲೆ ಹೆದರದವರು ಯಾರು? ರಕ್ತ ಕೊಟ್ಟು ಮನೆಗೆ ಬಂದವನೇ ಹಾಸಿಗೆ ಹಿಡಿದ. ಬೆಳಿಗ್ಗೆವರೆಗೆ ಕಲ್ಲುಗುಂಡಿನಂತಿದ್ದವನಿಗೆ ಮಧ್ಯಾಹ್ನದೊಳಗೆ ಸೊಂಟ ನೋವು, ಬಾಯಿ ಕಹಿ, ಕಣ್ಣು ಮಂಜು ಎಲ್ಲವೂ ಒಟ್ಟಿಗೆ ಬಂದವು. ಹೆಂಡತಿ ಹಣೆ ಮುಟ್ಟಿ ನೋಡಿದಳು, ಪಾದ ಒತ್ತಿದಳು. ಅವಳು ಅಷ್ಟು ಮೃದುವಾಗಿ ನಡೆದುಕೊಂಡದ್ದೇ ತನಗೆ ಉಳಿಗಾಲವಿಲ್ಲ ಎಂಬುದಕ್ಕೆ ಸಾಕ್ಷಿ ಎಂದುಕೊಂಡ.

"ಲೇ, ಒಂದು ಮಾತು ಹೇಳ್ಬೇಕು," ಎಂದ ಕ್ಷೀಣ ದನಿಯಲ್ಲಿ.

"ಹೇಳಿ."

"ನಿನ್ನ ತವರಿನ ಬೆಳ್ಳಿ ಲೋಟ... ಅದರ ಮೇಲೆ ನಿಮ್ಮಮ್ಮನ ಹೆಸರು ಕೆತ್ತಿತ್ತಲ್ಲ."

ಆ ಲೋಟದ್ದು ದೊಡ್ಡ ಕತೆ. ಆರು ವರ್ಷದ ಹಿಂದೆ, ಹೆಂಡತಿಯ ಅಮ್ಮ ತೀರಿಕೊಂಡ ಮೇಲೆ ಅವಳ ಅಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿ ತಂಗಿಗೆ ಕೊಟ್ಟಿದ್ದ, ಅವಳು ಬಿಚ್ಚಿ ನೋಡದೆ ಹಾಗೇ ಎತ್ತಿಟ್ಟಿದ್ದಳು. ಒಂದು ದಿನ ತೆಗೆದು ನೋಡಿದರೆ ಲೋಟದ ಮೇಲೆ ಹೆಸರೇ ಇಲ್ಲ. ಅಮ್ಮನ ಲೋಟ ತಾನಿಟ್ಟುಕೊಂಡು ಬೇರೆ ಯಾವುದನ್ನೋ ಸಾಗಹಾಕಿದ್ದಾನೆ ಎಂದು ತಂಗಿ ಅಣ್ಣನ ಮೇಲೆ ಹರಿಹಾಯ್ದಳು. ಅವತ್ತು ನಿಂತ ಮಾತು ಮತ್ತೆ ಶುರುವಾಗಿರಲಿಲ್ಲ.

"ನಿಮ್ಮಣ್ಣ ಬದಲಾಯಿಸಿಲ್ಲ. ನಾನೇ ಉಜ್ಜಿದ್ದು. ನೀನು ಊರಿಗೆ ಹೋಗಿದ್ದಾಗ. ಉಜ್ಜಿದಷ್ಟೂ ಹೊಳೀತಿತ್ತು. ಹೆಸರು ಹೋದದ್ದೇ ಗೊತ್ತಾಗ್ಲಿಲ್ಲ."

ಪಾದ ಒತ್ತುತ್ತಿದ್ದ ಕೈ ನಿಂತಿತು.

"ಮೊದಲು ನೀವು ಹುಷಾರಾಗಿ," ಎಂದಳು ಹೆಂಡತಿ. "ಆಮೇಲೆ ನಿಮಗಿದೆ."

ಎರಡು ದಿನದ ಮೇಲೆ ಆಸ್ಪತ್ರೆಯ ವೈದ್ಯರು ವರದಿ ನೋಡಿ, "ನಿಮ್ಮ ಕಿಡ್ನಿ ನನ್ನ ಕಿಡ್ನಿಗಿಂತ ಚೆನ್ನಾಗಿದೆ," ಎಂದರು. ಸೊಂಟ ನೋವು ಆಸ್ಪತ್ರೆಯ ಮೆಟ್ಟಿಲಲ್ಲೇ ಇಳಿದುಹೋಯಿತು. ಹೋದ ಜೀವ ಬಂದಂತಾಗಿ, ಅಲ್ಲಿಂದ ನೇರ ಮೇಡಂಗೆ ಹೇಳಲು ಓಡಿದ.

ಅಲ್ಲಿ ಸಾವಿನ ಮನೆಯ ಕಳೆ. ಅವತ್ತು ಊದಿದ ಇಪ್ಪತ್ತು ಜನರಿಗೂ ದೀಪ ಕೆಂಪಾಗಿತ್ತು. ಇಪ್ಪತ್ತೂ ಜನ ಆಸ್ಪತ್ರೆಗೆ ಓಡಿದ್ದರು. ಇಪ್ಪತ್ತೂ ಜನರ ಮೂತ್ರಪಿಂಡ ಗಟ್ಟಿಮುಟ್ಟಾಗಿತ್ತು. ಯಂತ್ರ ಸುಳ್ಳು ಹೇಳುತ್ತಿದೆ ಎಂದು ನಿರ್ದೇಶಕರು ಮಧ್ಯಾಹ್ನ ಮೂರಕ್ಕೆ ಮೇಡಂ ಅವರನ್ನು ಕರೆಸಿದ್ದರು. ಯೋಜನೆ ಮುಚ್ಚುವುದು ಖಾತ್ರಿ ಎಂದು ಆಫೀಸಿನವರೆಲ್ಲ ಮಾತಾಡಿಕೊಳ್ಳುತ್ತಿದ್ದರು.

"ನೀವು ಚೆನ್ನಾಗಿದ್ದೀರಲ್ಲ, ಅಷ್ಟು ಸಾಕು ಅಣ್ಣ," ಎಂದರು ಮೇಡಂ. ಅವರ ಕಣ್ಣು ಕೆಂಪಾಗಿತ್ತು. "ನಳಿಗೆ ಬರೀ ಬಿಸಿನೀರಲ್ಲೇ ತೊಳೆದ್ರಿ ತಾನೇ?"

"ಹೌದು ಮೇಡಂ." ಮಾತು ತಾನಾಗಿ ಹೊರಬಿತ್ತು.

"ಮತ್ತೆ ನನ್ನದೇ ಏನೋ ತಪ್ಪಿರ್ಬೇಕು. ಸಮಿತಿಗೆ ಅಂತ ಅಂಟಿಸಿದ್ದ ಆ ಚಿತ್ರಪಟ ಸ್ವಲ್ಪ ತೆಗೆದುಬಿಡಿ."

ಫಳಫಳಣ್ಣ ಸ್ಟೂಲು ಹತ್ತಿ ಚಿತ್ರಪಟ ಬಿಚ್ಚತೊಡಗಿದ. ಮೂಗಿನ ನೇರಕ್ಕೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಉಸಿರಿನಲ್ಲಿ ಅಮೋನಿಯ ಪತ್ತೆ.

ಆ ಹೆಸರು ಅವನಿಗೆ ಹೊಸದಲ್ಲ. ಚಿತ್ರಪಟ ಸುತ್ತಿಟ್ಟು, ಸದ್ದಿಲ್ಲದೆ ತನ್ನ ಕೋಣೆಗೆ ಬಂದು ನೀಲಿ ಸೀಸೆ ತಿರುಗಿಸಿ ನೋಡಿದ. ಮಾಸಿದ ಚೀಟಿಯ ಮೇಲೆ ಅದೇ ನಾಲ್ಕು ಅಕ್ಷರ. ಇಪ್ಪತ್ತಾರು ವರ್ಷ ದಿನವೂ ಮೂಸಿ ಅವನ ಮೂಗು ಅದನ್ನು ಮರೆತಿತ್ತು, ಬ್ರಷ್ಷಿನಂಥ ಆ ತಂತಿಗಳು ಮರೆತಿರಲಿಲ್ಲ.

ಸೀಸೆಯ ಮುಚ್ಚಳ ತೆಗೆದು ತೊಟ್ಟಿಯ ಮೇಲೆ ಬಾಗಿಸಿದ. ಸುರಿದುಬಿಟ್ಟರೆ ಮುಗಿಯಿತು, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಹೇಳಿದರೆ? ಸಂಸ್ಥೆಯಲ್ಲೇ ಶುದ್ಧ ಕೈ ಎಂದು ಹೆಸರಾದವನು ಇಪ್ಪತ್ತು ನಳಿಗೆ ಕೆಡಿಸಿದ, ಕೇಳಿದರೆ ಸುಳ್ಳು ಬೇರೆ ಹೇಳಿದ ಎಂದು ಗೇಟಿನವರೆಗೂ ಸುದ್ದಿ. ಆ ಹೆಸರು ಬಿಟ್ಟರೆ ಅವನ ಹತ್ತಿರ ಇನ್ನೇನಿತ್ತು? ಸಾಯುತ್ತೇನೆ ಎಂದುಕೊಂಡಾಗ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸಲೀಸಾಗಿತ್ತು! ನಾಳೆಯೂ ಇದೇ ಮುಖ ಹೊತ್ತು ಬರಬೇಕಾದವನಿಗೆ ನಾಲಿಗೆ ಏಳಲಿಲ್ಲ. ಆಗ ಮೇಡಂ ಹೇಳಿದ ಅವರಪ್ಪನ ಮಾತು ನೆನಪಾಯಿತು. ತಾನು ಹಾಸಿಗೆಯಲ್ಲಿ ಕಳೆದ ಎರಡು ದಿನ ನೆನಪಾಯಿತು. ತನ್ನ ಹೆದರಿಕೆ ಸುಳ್ಳು, ಆದರೆ ಎಲ್ಲೋ ಯಾರದೋ ಹೆದರಿಕೆ ನಿಜವಾಗಿರುತ್ತದೆ.

ಮುಚ್ಚಳ ಹಾಕಿ, ಸೀಸೆಯನ್ನು ಎದೆಗವಚಿಕೊಂಡು ನಿರ್ದೇಶಕರ ಕೋಣೆಗೆ ನಡೆದ. ಮೇಡಂ ಆಗಲೇ ಅಲ್ಲಿ ಕೂತಿದ್ದರು.

"ನಾನೇ ಸರ್," ಎಂದು ಸೀಸೆಯನ್ನು ಮೇಜಿನ ಮೇಲಿಟ್ಟ. "ಯಂತ್ರ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಾನು. ನಳಿಗೆ ಹೊಳೀಲಿ ಅಂತ ಇದನ್ನ ಹಾಕಿದ್ದೆ."

ನಿರ್ದೇಶಕರು ಎದ್ದು ನಿಂತರು. "ಏನಯ್ಯಾ! ಯಾರು ಹೇಳಿದ್ರು ನಿನಗೆ ಹಾಕು ಅಂತ? ಮೂರು ವರ್ಷದ ಕೆಲಸ..."

"ಸರ್, ಒಂದ್ನಿಮಿಷ," ಎಂದರು ಮೇಡಂ. ಅವರ ದನಿಯಲ್ಲಿ ಏನೋ ಬದಲಾಗಿತ್ತು. "ಎಷ್ಟು ಹಾಕಿದ್ರಿ ಅಣ್ಣ?"

"ಬಕೆಟ್‌ಗೆ ಅರ್ಧ ಮುಚ್ಚಳ."

"ಆಮೇಲೆ ನೀರಲ್ಲಿ ಜಾಲಿಸಿದ್ರಾ?"

"ಮೂರು ಸಲ. ನನ್ನದನ್ನ ಮಾತ್ರ ಎರಡು ಸಲ ಮುಳುಗಿಸಿದ್ದೆ," ಎಂದು ತಲೆ ತಗ್ಗಿಸಿದ.

"ಎಲ್ಲರಿಗಿಂತ ಜಾಸ್ತಿ ಕೆಂಪು ಬಂದಿದ್ದೂ ಇವರಿಗೇ!" ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಅರ್ಧ ಮುಚ್ಚಳ, ಒಂದು ಬಕೆಟ್, ಮೂರು ಸಲ ಜಾಲಿಸಿದ್ದು! ಆದ್ರೂ ತಂತಿ ಹಿಡಿದುಬಿಟ್ಟಿದೆ ಸರ್!"

ನಿರ್ದೇಶಕರು ಇಂಗು ತಿಂದ ಮಂಗನಂತೆ ಸೀಸೆಯನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದರು. ಹೊಸ ನಳಿಗೆ ತರಿಸಿದರು. ಫಳಫಳಣ್ಣ ಎಲ್ಲರೆದುರು ಬರೀ ಬಿಸಿನೀರಿನಲ್ಲಿ ತೊಳೆದ. ಬಿಳಿ ಗುರುತು ಹಾಗೇ ಉಳಿದಿತ್ತು. ಒರೆಸಲು ಹೋದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. ಬೆಚ್ಚನೆಯ ಗಾಳಿಯಲ್ಲಿ ನಳಿಗೆ ಒಣಗಿದ ಮೇಲೆ ಊದಿದ. ಹಸಿರು! ನಿರ್ದೇಶಕರು ಊದಿದರು, ಹಸಿರು. ಟೈಪಿಸ್ಟು ಊದಿದಳು, ಹಸಿರು. ಮೇಡಂ ಅವನ ಎರಡೂ ಕೈ ಹಿಡಿದುಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದಕ್ಕೆ ಮಾತ್ರ ಅವನಿಗೆ ಅಳು ಬಂತು.

ಸಂಜೆ ಹಗುರಾದ ಮನಸ್ಸಿನಿಂದ ಮನೆಗೆ ಬಂದ. ಹೆಂಡತಿ ನಡುಮನೆಯಲ್ಲಿ ಕೂತಿದ್ದಳು. ಎದುರಿಗೆ ಬೆಳ್ಳಿ ಲೋಟ, ಪಕ್ಕದಲ್ಲಿ ಫೋನು.

"ಹುಷಾರಾದ್ರಾ?"

"ಹುಷಾರು! ಬರೀ ಬಿಸಿನೀರಲ್ಲಿ ನಳಿಗೆ ತೊಳೆದು ಊದಿದ್ರೆ ಹಸಿರೇ ಬಂತು! ಡಾಕ್ಟರೂ ಹೇಳಿದ್ರು, ನನ್ನ ಕಿಡ್ನಿ..."

"ಸಂತೋಷ. ಕೂತ್ಕೊಳ್ಳಿ." ಅವಳು ನಂಬರು ಒತ್ತಿ ಫೋನು ಅವನ ಕೈಗಿಟ್ಟಳು. "ಅವತ್ತು ನನಗೆ ಹೇಳಿದ್ದನ್ನ ಅಣ್ಣನಿಗೂ ಹೇಳಿ."

ಆ ಕಡೆ ಫೋನು ಎತ್ತಿದ ಸದ್ದಾಯಿತು. ಒಂದೇ ದಿನದಲ್ಲಿ ಎರಡನೇ ತಪ್ಪೊಪ್ಪಿಗೆ!

"ಭಾವ, ನಾನು... ಆ ಬೆಳ್ಳಿ ಲೋಟದ ವಿಷಯ. ನಿಮ್ಮದೇನೂ ತಪ್ಪಿಲ್ಲ. ಹೆಸರು ಅಳಿಸಿದ್ದು ನಾನು."

ಆ ಕಡೆಯಿಂದ ಭಾವನ ದನಿ ಕೇಳಿತು. "ಆರು ವರ್ಷ ಬೇಕಾಯ್ತಾ ಮಾರಾಯ? ಅವಳು ಅಲ್ಲೇ ಇದ್ದಾಳಾ?"

ಹೆಂಡತಿ ಫೋನು ಕಸಿದುಕೊಂಡಳು. "ಅಣ್ಣಾ..." ಎಂದವಳೇ ಜೋರಾಗಿ ಅತ್ತಳು. ಆ ಕಡೆಯಿಂದಲೂ ಮೂಗೆಳೆಯುವ ಸದ್ದು ಬರುತ್ತಿತ್ತು. ಆರು ವರ್ಷದ ಮಾತು ಬಾಕಿಯಿತ್ತು.

ಅಣ್ಣ ತಂಗಿಯ ನಡುವೆ ತನಗೇನು ಕೆಲಸ ಎಂದು ಫಳಫಳಣ್ಣ ಮೆಲ್ಲಗೆ ಎದ್ದ. ಲೋಟದ ಮೇಲೆ ಅವಳ ಬೆರಳಿನ ಗುರುತು ಬಿದ್ದಿತ್ತು. ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ, ಗೂಡಿನಲ್ಲಿದ್ದ ಪುಡಿಯ ಡಬ್ಬಿಗೆ ಕೈ ಹಾಕಿದ.

ನಡುಮನೆಯಿಂದ, ಅಳುವಿನ ನಡುವೆಯೇ ಹೆಂಡತಿಯ ದನಿ ಬಂತು.

"ರೀ! ಬರೀ ಬಿಸಿನೀರು!"