ಹಲ್ಲುಜ್ಜುವ ಹುಡುಗನ ಹೊಸ ಪುಸ್ತಕ

ಕಣ್ಣೆದುರಿಗೆ ಒಬ್ಬ ಮನುಷ್ಯ ಕೂರದ ಹೊರತು ಅಮ್ಮನಿಗೆ ಮನುಷ್ಯರ ಚಿತ್ರ ಬರೆಯಲು ಬರುತ್ತಿರಲಿಲ್ಲ. ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕಸುಬು, ಬೇಕೆಂದಾಗ ಬಿಟ್ಟಿಯಾಗಿ ಸಿಗುತ್ತಿದ್ದವನು ಅವಳ ತಮ್ಮ, ಅಂದರೆ ನನ್ನ ಸೋದರಮಾವ. ಹಾಗಾಗಿ ಹಲ್ಲುಜ್ಜುವ ಹುಡುಗ ಮಾವ, ನೆಗಡಿಯಾದ ರೋಗಿ ಮಾವ, ಎರಡೂ ಕಡೆ ನೋಡಿ ರಸ್ತೆ ದಾಟುವ ಉತ್ತಮ ನಾಗರಿಕನೂ ಮಾವನೇ. ಅವನು ದೊಡ್ಡವನಾಗಿ ಕನ್ನಡಕದ ಅಂಗಡಿ ಇಟ್ಟ ಮೇಲೂ ಗಿರಾಕಿಗಳು, "ನಿಮ್ಮನ್ನ ಎಲ್ಲೋ ನೋಡಿದೀನಲ್ಲ?" ಎನ್ನುತ್ತಿದ್ದರು. "ಮೂರನೇ ಕ್ಲಾಸಲ್ಲಿ" ಎಂದು ಮಾವ ಗಂಭೀರವಾಗಿ ಹೇಳುತ್ತಿದ್ದ.

ಮಾನವ ದೇಹದ ಪಾಠ ಬಂದಾಗ ಮಾತ್ರ ಪ್ರಕಾಶಕರಿಗೆ ಜೀವ ಹೋಗುತ್ತಿತ್ತು. ಹೃದಯ ಬರೆಯಿರಿ, ಶ್ವಾಸಕೋಶ ಬರೆಯಿರಿ, ಸೊಂಟದ ಕೆಳಗೆ ಏನೂ ಬೇಡ. "ಪಾಪ, ಈ ಮನುಷ್ಯ ಕುಡಿದ ನೀರೆಲ್ಲ ಎಲ್ಲಿಗೆ ಹೋಗತ್ತೋ" ಎಂದು ಗೊಣಗುತ್ತ ಅಮ್ಮ ಅಲ್ಲೊಂದು ನೆಟ್ಟಗಿನ ಗೆರೆ ಎಳೆದು ಕೈ ತೊಳೆದುಕೊಳ್ಳುತ್ತಿದ್ದಳು.

ಆದ್ದರಿಂದ ಊರಿನ ಕ್ಲಿನಿಕ್ಕಿನ ಡಾಕ್ಟರಮ್ಮ ಬಂದು, ಗಂಡಸರನ್ನು ಪ್ರೀತಿಸುವ ಗಂಡಸರಿಗೆ ಒಂದು ಚಿತ್ರದ ಕೈಪಿಡಿ ಬೇಕು, ದೇಹ, ಕಾಂಡೋಮು, ಕಾಯಿಲೆ, ಪರೀಕ್ಷೆ ಎಲ್ಲ ಬಿಡಿಸಿ ಹೇಳಬೇಕು ಎಂದಾಗ ಅಮ್ಮ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟಳು. ಸೊಂಟದ ಕೆಳಗೂ ಬರೆಯಬಹುದು ಎನ್ನುವುದೇ ಅವಳಿಗೆ ಹಬ್ಬವಾಗಿತ್ತು.

ಇಂಥ ಹಳೆಯ ಕೈಪಿಡಿಗಳ ಒಂದು ಕಟ್ಟನ್ನೇ ಡಾಕ್ಟರಮ್ಮ ತಂದಿದ್ದರು. ತೀರ ಹಳೆಯದರಲ್ಲಿ ಚಿತ್ರವೇ ಇಲ್ಲ, ಮಸುಕು ಸೈಕ್ಲೋಸ್ಟೈಲ್ ಹಾಳೆಯ ತುಂಬ 'ಬೇಡ', 'ಕೂಡದು'. ಅದರ ನಂತರದ್ದಕ್ಕೆ ಚಿತ್ರ ಬಂದಿತ್ತು, ಒಂದು ತಲೆಬುರುಡೆ. "ಇದು ಕೈಪಿಡಿಯೋ, ಟ್ರಾನ್ಸ್‌ಫಾರ್ಮರ್ ಮೇಲಿನ ಬೋರ್ಡೋ?" ಎಂದಳು ಅಮ್ಮ. ಇನ್ನೊಂದರಲ್ಲಿ ಅಂಗಗಳನ್ನು ಸೀಳಿ, ನಲ್ಲಿ ರಿಪೇರಿಯವರಿಗೆ ಕೊಡುವ ನಕ್ಷೆಯ ಹಾಗೆ ಬಾಣದ ಗುರುತು ಹಾಕಿದ್ದರು. ಈಚಿನದರಲ್ಲಿ ಅಂತೂ ಇಂತೂ ಮನುಷ್ಯರು ಕಾಣಿಸಿಕೊಂಡಿದ್ದರು, ಆದರೆ ಮುಖ ಇರಬೇಕಾದಲ್ಲಿ ಬರೀ ಮೊಟ್ಟೆ.

"ಓದೋವ್ರು ಏನಂತಾರೆ ಇದಕ್ಕೆ?" ಅಮ್ಮ ಕೇಳಿದಳು.

"ಮುಖ ಮುಚ್ಚೋದು ಕಳ್ಳರಿಗೆ, ನಾವೇನು ಕದ್ದಿದೀವಿ ಅಂತಾರೆ."

"ನ್ಯಾಯವಾಗೇ ಕೇಳಿದಾರೆ. ನಾನು ಮುಖ ಬರೀತೀನಿ. ನಗೋ ಮುಖಾನೇ ಬರೀತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು, ಆದರೆ ಇಂಥ ಪುಸ್ತಕಕ್ಕೆ ಬಂದು ಕೂತ್ಕೋ ಎಂದು ಯಾರನ್ನು ಕೇಳುವುದು? ಎಷ್ಟೇ ಗಟ್ಟಿಗಿತ್ತಿಯಾದರೂ ಅಲ್ಲಿ ಅವಳಿಗೆ ನಾಚಿಕೆ ಅಡ್ಡ ಬಂತು. ಜೀವನದಲ್ಲಿ ಮೊದಲ ಸಲ ಯಾರನ್ನೂ ಕೂರಿಸಿಕೊಳ್ಳದೆ ಬರೆದಳು. ಮಂಚದ ಅಂಚಿಗೆ ಕೂತು "ಪರೀಕ್ಷೆ ಮಾಡಿಸಿದ್ಯಾ?" ಎಂದು ಕೇಳುವವನು, ಕೇಳಿಸಿಕೊಂಡು ನಗುವವನು. ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚದೆ ಬೆರಳಿನಲ್ಲೇ ಹರಿಯುವುದು, ತುದಿ ಹಿಂಡಿ ಗಾಳಿ ತೆಗೆಯುವುದು, ಎಲ್ಲವನ್ನೂ ಕೈ ತೊಳೆಯುವ ಪಾಠದಷ್ಟೇ ಶ್ರದ್ಧೆಯಿಂದ ಬಿಡಿಸಿದಳು. ಡಾಕ್ಟರಮ್ಮನಿಗೆ ಖುಷಿಯೋ ಖುಷಿ. ಪುಟಗಳು ಪ್ರೆಸ್ಸಿಗೆ ಹೋದವು.

ಪ್ರೆಸ್ಸಿನವರಿಂದ ಫೋನ್ ಬಂತು. ಅಮ್ಮನ ಪಠ್ಯಪುಸ್ತಕಗಳನ್ನೆಲ್ಲ ಅಚ್ಚು ಹಾಕಿದವರು ಅವರೇ. "ಮೇಡಂ, ನಮ್ಮ ಹಲ್ಲುಜ್ಜೋ ಹುಡುಗನ್ನ ಇಲ್ಲಿಗೂ ಕರ್ಕೊಂಡು ಬಂದ್ಬಿಟ್ಟಿದೀರಲ್ಲ!"

ಅಮ್ಮ ಪ್ರೂಫ್ ತರಿಸಿ ನೋಡಿದಳು, ನಾನೂ ನೋಡಿದೆ. ಮಂಚದ ಮೇಲೆ ನಗುತ್ತಿದ್ದವನು ಸಾಕ್ಷಾತ್ ಮಾವ. ಎಡಹುಬ್ಬಿನ ಗಾಯದ ಗುರುತು ಸಹ ಬಿಟ್ಟಿರಲಿಲ್ಲ. ಇನ್ನೊಬ್ಬನಿಗೆ ಮಾತ್ರ ಯಾವುದೋ ಕ್ಯಾಲೆಂಡರಿನ ಮುಖ ಸಿಕ್ಕಿತ್ತು. ಮನೆಯಲ್ಲಿ ಮಾವನ ಆ ಹುಬ್ಬು, ಆ ನಗು ನೋಡಿ ನೋಡಿ ಇದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಊರಿನವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಅರ್ಧ ಊರು ಆ ಮುಖ ನೋಡಿಕೊಂಡೇ ಹಲ್ಲುಜ್ಜುವುದನ್ನು ಕಲಿತಿತ್ತು. ಪುಸ್ತಕ ಹೊರಬಿದ್ದರೆ ಮಾವ ತಲೆಯೆತ್ತಿ ಓಡಾಡುವ ಹಾಗಿಲ್ಲ ಎಂದು ಅಮ್ಮ ಬೆವತುಹೋದಳು. ಅಚ್ಚು ನಿಲ್ಲಿಸಲು ಹೇಳಿ, ನನ್ನ ಸ್ಕೂಟರ್ ಹತ್ತಿದಳು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾವ ಒಂದು ಫ್ರೇಮಿನ ಸ್ಕ್ರೂ ಬಿಗಿ ಮಾಡುತ್ತಿದ್ದ. ಅಮ್ಮ ಪ್ರೂಫನ್ನು ಕೌಂಟರಿನ ಮೇಲಿಟ್ಟು ಒಂದೇ ಉಸಿರಿಗೆ ಒದರಿದಳು. "ಬೈಬೇಡ ಕಣೋ. ಬೇಕಂತ ಮಾಡಿದ್ದಲ್ಲ, ಕೈ ತಾನಾಗೇ ಹೋಯ್ತು. ಮೀಸೆ ಹಾಕ್ತೀನಿ, ಮೂಗು ಉದ್ದ ಮಾಡ್ತೀನಿ, ಬೇಕಿದ್ರೆ ಕನ್ನಡಕ ಇಡ್ತೀನಿ. ನಿನ್ನ ಯಾರೂ ಅಂಥವನು ಅಂದ್ಕೋಬಾರ್ದು."

ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟ. ಒಂದೊಂದೇ ಹಾಳೆ ತಿರುವಿದ. ಬೈಯುತ್ತಾನೆ ಎಂದುಕೊಂಡೆ.

"ಅಂದ್ಕೊಂಡ್ರೆ ಏನಾಗತ್ತಕ್ಕ?"

"ಏನಾಗತ್ತೆ ಅಂದ್ರೆ? ಜನ ಆಡ್ಕೋತಾರೆ."

"ಜನ ಹಾಳಾಗ್ಲಿ. ನೀನು?"

ಮಾವ ಅವಳನ್ನೇ ನೋಡುತ್ತಿದ್ದ. ಅಷ್ಟು ಹೆದರಿದ ಮಾವನನ್ನು ನಾನು ನೋಡಿಯೇ ಇರಲಿಲ್ಲ.

"ನಾನ್ಯಾಕೋ ಆಡ್ಕೊಳ್ಳಲಿ?" ಎಂದಳು ಕೊನೆಗೆ, ದನಿ ಸಣ್ಣದಾಗಿತ್ತು. "ನೀನು ನನ್ನ ತಮ್ಮ ಕಣೋ."

ಮಾವ ಉಸಿರು ಬಿಟ್ಟ. "ಹಾಗಾದ್ರೆ ನನ್ನ ಮುಖ ಹಾಗೇ ಇರ್ಲಿ, ಚೆನ್ನಾಗಿ ಬಂದಿದೆ." ಆಮೇಲೆ ಕ್ಯಾಲೆಂಡರ್ ಮುಖದವನ ಮೇಲೆ ಬೆರಳಿಟ್ಟ. "ಆದ್ರೆ ಇವನು ಹೀಗಿಲ್ಲ. ಇವನಿಗೆ ಇಷ್ಟೊಂದು ಕೂದಲೆಲ್ಲಿದೆ?"

ಅಮ್ಮ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದಳು. ಅವಳ ಕಣ್ಣು ತುಂಬಿತು, ನನ್ನದೂ. "ಹುಟ್ಟಿದಾಗಿಂದ ಎದುರಿಗೆ ಕೂರಿಸ್ಕೊಂಡು ಬರೆದಿದೀನಲ್ಲೋ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಕೂರಿಸ್ದಾಗ್ಲೆಲ್ಲ, ಅಲ್ಲಾಡ್ಬೇಡ, ಬಾಯಿ ಬಿಡ್ಬೇಡ ಅಂತಿದ್ದೆ."

ಅಳುತ್ತಲೇ ಅಮ್ಮ ನಕ್ಕಳು. ನಗುತ್ತಲೇ ಅವನ ತಲೆಗೊಂದು ಮೊಟಕಿದಳು. "ಹೋಗು, ಮುಖ ಬರೀಬಹುದಾ ಅಂತ ಅವರನ್ನ ಕೇಳು. ಒಪ್ಪಿದ್ರೆ ಕರ್ಕೊಂಡು ಬಾ."

ಅವರು ಒಪ್ಪಿದರು, ಬಂದರು. ಬಸ್ ಕಂಡಕ್ಟರು, ತಲೆ ನಿಜಕ್ಕೂ ಬೋಳು. "ದಿನಾ ಬಸ್ಸಲ್ಲಿ ಎಲ್ರೂ ನೋಡೋ ಮುಖ, ಪುಸ್ತಕದಲ್ಲೂ ನೋಡ್ಲಿ ಬಿಡಿ" ಎಂದು ಕಿಟಕಿಯ ಪಕ್ಕ ಕೂತರು. ಮಾವ ಅವರ ಕಾಲರ್ ಸರಿಮಾಡಿ ಹಿಂದೆ ನಿಂತ. ಅಮ್ಮ ಪೆನ್ಸಿಲ್ ಚೂಪು ಮಾಡತೊಡಗಿದಳು.

ನಾನು ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ ತಡವರಿಸುತ್ತಿದ್ದೆ. ಅವರಿಗೇ ಗೊತ್ತಾಯಿತು. "ಮಾವ ಅನ್ನು ಕಣಮ್ಮ. ಅತ್ತೆ ಅಂತ ಮಾತ್ರ ಅನ್ಬೇಡ" ಎಂದರು.

ಅಡುಗೆಮನೆಗೆ ಹೋಗಿ ಕಾಫಿಗಿಟ್ಟೆ. "ಮಾವಾ, ಸಕ್ಕರೆ ಎಷ್ಟು?" ಎಂದು ಅಲ್ಲಿಂದಲೇ ಕೂಗಿದೆ.

ಇಬ್ಬರೂ ಉತ್ತರ ಕೊಟ್ಟರು.