ಗುಂಡ ಸಮುದ್ರ ಸೇರಲಿಲ್ಲ

ಗುಂಡನನ್ನು ನಾನು ಸಮುದ್ರಕ್ಕೆ ಬಿಡಲಿಲ್ಲ. ಬಿಟ್ಟೆ ಎಂದು ಹೆಂಡತಿಗೆ ಹೇಳಿದ್ದು ಸುಳ್ಳು. ಅದನ್ನು ನಂಬಿ ಅವಳು ಇಷ್ಟು ವರ್ಷ ಸಂತೋಷಪಟ್ಟಳು. ನಾನು ಆ ಸಂತೋಷವನ್ನು ನೋಡುತ್ತ ಸುಮ್ಮನಿದ್ದೆ.

ಗುಂಡ ಎಂದರೆ ಮೀನು. ಕೇರಳದವರು ಹಮ್ಮೂರ್ ಎನ್ನುವ, ಬೇಟೆಯಾಡಿ ತಿನ್ನುವ ಸಮುದ್ರದ ಮೀನು. ಚಾಮರಾಜನಗರದಲ್ಲಿ ನನ್ನದು ಮೋಟಾರ್ ರಿಪೇರಿ ಅಂಗಡಿ. ಕೆಲಸದ ಮೇಲೆ ಕ್ಯಾಲಿಕಟ್‌ಗೆ ಹೋದಾಗ ಒಂದು ಅಂಗಡಿಯಲ್ಲಿ ಬೆರಳುದ್ದದ ಈ ಮರಿ ಗಾಜಿಗೆ ಮೂತಿಯೊತ್ತಿ ನನ್ನನ್ನೇ ನೋಡುತ್ತಿತ್ತು. ಮಗಳು ಮದುವೆಯಾಗಿ ಹೋಗಿ ಮನೆ ಬಿಕೋ ಎನ್ನುತ್ತಿದ್ದ ಕಾಲ — ತಂದುಬಿಟ್ಟೆ.

ಬಂದ ಕೆಲವೇ ತಿಂಗಳಲ್ಲಿ ಅದು ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿದ್ದ ಬಣ್ಣದ ಮೀನುಗಳನ್ನೆಲ್ಲ ನುಂಗಿ ಹಾಕಿತು. ನಾನು ಬೈದೆ. ಹೆಂಡತಿ ಜಯ ನಕ್ಕಳು. "ಹಸ್ದಿತ್ತು ತಿಂತು, ಬುಡಿ. ನೀವು ತಿನ್ನಕಿಲ್ವಾ?" ಎಂದಳು. ಗುಂಡ ಎಂದು ಹೆಸರಿಟ್ಟವಳೂ ಅವಳೇ. ಅವಳ ಕೈಯಿಂದಲೇ ಸಿಗಡಿ ಕಿತ್ತುಕೊಂಡು ತಿನ್ನುತ್ತಿತ್ತು. ಅವಳು ಅಡುಗೆಮನೆಗೆ ಹೋದರೆ ಆ ಕಡೆಯ ಗಾಜಿಗೆ, ಬಾಗಿಲಿಗೆ ಬಂದರೆ ಈ ಕಡೆಯ ಗಾಜಿಗೆ. ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಮೀನು ಸಾರು ಮಾಡುವುದೇ ನಿಂತುಹೋಯಿತು. "ಅದ್ರ ಮುಂದೆ ಹೆಂಗ್ರೀ ಉಣ್ಣೋದು?"

ಗುಂಡ ಮೊಣಕೈಯುದ್ದ ಬೆಳೆಯಿತು. ದೊಡ್ಡ ತೊಟ್ಟಿ ಮಾಡಿಸಿದೆ. ಅದನ್ನೂ ಮೀರಿ ಬೆಳೆಯಿತು. ತಿರುಗುವಾಗ ಬಾಲ ಗಾಜಿಗೆ ಉಜ್ಜಿ ಗಾಯವಾಗುತ್ತಿತ್ತು. ಒಂದು ದಿನ ಜಯಳೇ ಹೇಳಿದಳು — "ತಿರುಗಕ್ಕೂ ಜಾಗ ಇಲ್ಲ ಕಣ್ರೀ ಅದಕ್ಕೆ. ಓಗಿ ಸಮುದ್ರಕ್ಕೆ ಬುಟ್ಬನ್ನಿ." ನೀನೂ ಬಾ ಎಂದೆ. "ನಾ ಬಂದ್ರೆ ವಾಪಸ್ ತಂದ್ಬುಡ್ತೀನಿ" ಎಂದು ಒಳಗೆ ಹೋದಳು.

ನೀಲಿ ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ, ಬ್ಯಾಟರಿಯ ಗಾಳಿ ಪಂಪು ಕಟ್ಟಿ, ಗುಂಡನನ್ನು ವ್ಯಾನಿಗೆ ಹಾಕಿಕೊಂಡು ಬೆಳಿಗ್ಗೆಯೇ ಹೊರಟೆ. ಗುಂಡ್ಲುಪೇಟೆಯಲ್ಲಿ ಟೀ ಕುಡಿಯಲು ನಿಂತೆ. ಅಲ್ಲಿಯೇ — ನಾನು ಮಾಡಬಾರದ್ದು ಮಾಡಿದ್ದು ಅಲ್ಲಿಯೇ. ಪರಿಚಯದವರು ಡ್ರಮ್ಮಿನಲ್ಲೇನು ಎಂದು ಕೇಳಿದರು. ನನಗೆ ಜಂಬ. ಮುಚ್ಚಳ ತೆಗೆದು ತೋರಿಸಿದೆ. "ಅಬ್ಬಾ, ಏನ್ಲಾ ಇದು, ಕರು ಇದ್ದಂಗದೆ!" ಎಂದರು. ಫೋಟೊ ತೆಗೆದರು. ನಾನೂ ನಿಂತು ತೆಗೆಸಿಕೊಂಡೆ. ಆಮೇಲೆ ಅವಸರದಲ್ಲಿ ಮುಚ್ಚಳ ಒತ್ತಿದಾಗ ಗಾಳಿಯ ಕೊಳವೆ ಅಂಚಿನಲ್ಲಿ ಸಿಕ್ಕಿ ಮಡಚಿಕೊಂಡಿತು. ಜೀವನವಿಡೀ ಪಂಪು ರಿಪೇರಿ ಮಾಡಿದವನು ನಾನು — ಒಮ್ಮೆ ಬಗ್ಗಿ ನೋಡಲಿಲ್ಲ.

ಕೇರಳದ ದಾರಿಯಲ್ಲಿ ಕಾಡಂಚಿನ ಮದ್ದೂರು ಚೆಕ್‌ಪೋಸ್ಟ್ ಇನ್ನೂ ದೂರವಿರುವಾಗ, ಯಾಕೋ ಅನುಮಾನ ಬಂದು ವ್ಯಾನು ನಿಲ್ಲಿಸಿದೆ. ಗುಂಡ ಮಗ್ಗುಲಾಗಿ ತೇಲುತ್ತಿತ್ತು. ಬಾಯಿ ಒಮ್ಮೆ ತೆರೆಯಿತು. ಕೊಳವೆ ಸರಿಮಾಡಿದೆ, ಕೈಯಲ್ಲಿ ಹಿಡಿದು ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿದೆ, ಹೆಸರು ಹಿಡಿದು ಕರೆದೆ — ಮತ್ತೆ ತೆರೆಯಲಿಲ್ಲ.

ಹೊಲದಂಚಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆ. ಸಮುದ್ರಕ್ಕೆ ಹೋಗಿ ಬರುವಷ್ಟು ಹೊತ್ತು ಅಲ್ಲೇ ಕುಳಿತೆ. ಹೊರಡುವ ಮುಂಚೆ ಡ್ರಮ್ಮಿನ ಉಪ್ಪುನೀರನ್ನು ಪ್ಯಾಂಟಿಗೆ ಸುರಿದುಕೊಂಡೆ — ಅಲೆಯಲ್ಲಿ ಇಳಿದೆನೆಂದು ಅವಳು ನಂಬಲಿ ಎಂದು.

"ಬುಟ್ಟೆ ಕಣಮ್ಮಿ. ಬಾಲ ಬಡ್ದು ಒಂಟೋಯ್ತು."

ಅವಳು ಉಪ್ಪು ಹತ್ತಿದ ಆ ಪ್ಯಾಂಟನ್ನು ಮುಟ್ಟಿ ನೋಡಿದಳು. ಅತ್ತಳು, ನಕ್ಕಳು. ಮೊಮ್ಮಗಳಿಗೆ ಆ ಕಥೆ ಹೇಳಿಯೇ ಊಟ ಮಾಡಿಸುತ್ತಿದ್ದಳು. ಗುಂಡ ಈಗ ದೋಣಿಯಷ್ಟಾಗಿದೆ, ತಿಮಿಂಗಿಲದ ಜೊತೆ ಜಗಳವಾಡುತ್ತದೆ — ಹೀಗೆ ಇನ್ನೂ ಏನೇನೋ.

ಹೋದ ತಿಂಗಳು ಅವಳಿಗೆ ಸಮುದ್ರ ನೋಡುವ ಆಸೆಯಾಯಿತು. ಚೀಲದಲ್ಲಿ ಸಿಗಡಿ ಇಟ್ಟುಕೊಂಡಿದ್ದಳು. ಯಾಕೆ ಎಂದೆ. "ಬರಕಿಲ್ಲ ಅಂತ ನಂಗೂ ಗೊತ್ತು. ಸುಮ್ನೆ ಎಸೀತೀನಿ" ಎಂದು ನಾಚಿದಳು. ಆ ಹೊಲ ಹತ್ತಿರವಾಗುತ್ತಿದ್ದಂತೆ ನನ್ನಿಂದ ಆಗಲಿಲ್ಲ. ಗಾಡಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ — ಫೋಟೊದ ಸಂಗತಿಯನ್ನೂ, ಪ್ಯಾಂಟಿನ ಸಂಗತಿಯನ್ನೂ.

ಅವಳು ಸಿಗಡಿಯ ಚೀಲವನ್ನು ಕಾಲ ಬಳಿ ಇಳಿಸಿದಳು. ಆಮೇಲೆ ಕೇಳಿದ್ದು ಇಷ್ಟೇ: "ಹೆಸ್ರು ಹಿಡ್ದು ಕರುದ್ರಾ?" ಕರೆದೆ ಎಂದೆ. ಇಳಿದು ಹೋಗಿ ಹೊಲದ ಬೇಲಿಯ ಹತ್ತಿರ ನಿಂತಳು. ನಾನು ಜೊತೆಗೆ ಹೋಗಲು ನೋಡಿದರೆ ಕೈ ಅಡ್ಡ ಹಿಡಿದಳು. ವಾಪಸ್ ಬಂದು ಕೂತು ಹೇಳಿದಳು — "ಮನೆಗೆ ಓಗನ. ಮೊಗೀಗೆ ದಿಟ ನೀವೇ ಏಳ್ಬೇಕು. ನಾ ಏಳಕಿಲ್ಲ."

ಅಂದಿನಿಂದ ಅವಳು ಗುಂಡನ ಹೆಸರೆತ್ತಿಲ್ಲ. ನನಗೆ ಊಟ ಬಡಿಸುತ್ತಾಳೆ, ಮಾತ್ರೆ ನೆನಪಿಸುತ್ತಾಳೆ; ಆದರೆ ಟಿವಿಯಲ್ಲಿ ಸಮುದ್ರ ಬಂದರೆ ಎದ್ದು ಹೋಗುತ್ತಾಳೆ. ಅವಳಿಂದ ನಾನು ಕಿತ್ತುಕೊಂಡದ್ದು ಒಂದು ಮೀನನ್ನಷ್ಟೇ ಅಲ್ಲ —

ಭಾನುವಾರ ಮೊಮ್ಮಗಳು ಬರುತ್ತಾಳೆ. ಬಂದೊಡನೆ ಕಥೆ ಕೇಳುತ್ತಾಳೆ. ಈ ಸಲ ಹೇಳುವವನು ನಾನು. ಟೀ ಅಂಗಡಿಯ ಮುಂದೆ ಮುಚ್ಚಳ ತೆಗೆದದ್ದನ್ನೂ ಬಿಡದೆ ಹೇಳುತ್ತೇನೆ.